ಕಾವಲಿ, ಹೆಂಚು, ತವಾ: ರಸೆಲ್ ಮಾರುಕಟ್ಟೆಯ ಪರಿಸರದಲ್ಲಿ ಒಂದು ಅಡುಗೆ ಸಲಕರಣೆಯ ಹೆಸರುಗಳು

ದೋಸೆ ಹುಯ್ಯುವ, ರೊಟ್ಟಿ ಬೇಯಿಸುವ ಚಪ್ಪಟೆಯ ಸಲಕರಣೆಗೆ ಬೆಂಗಳೂರಿನ ಶಿವಾಜಿನಗರದಲ್ಲಿ ಒಂದೇ ಹೆಸರಿಲ್ಲ. ರಸೆಲ್ ಮಾರುಕಟ್ಟೆಯ ಚೌಕದಿಂದ ಹೊರಡುವ ಬೀದಿಗಳಲ್ಲಿ ಕಬ್ಬಿಣದ ಸಾಮಾನು ಕೊಳ್ಳಲು ಬರುವ ಕನ್ನಡಿಗರು ಅದನ್ನು ಕಾವಲಿ ಎಂದೋ ಹೆಂಚು ಎಂದೋ ಕೇಳುತ್ತಾರೆ. ತಮಿಳರ ಬಾಯಲ್ಲಿ ಅದು ದೋಸೆಕಲ್ಲು, ತೆಲುಗರ ಬಾಯಲ್ಲಿ ಪೆನಂ, ದಖನಿ ಮಾತನಾಡುವವರಲ್ಲಿ ತವಾ. ವ್ಯಾಪಾರಿ ಈ ಐದು ಹೆಸರುಗಳಿಗೂ ಒಂದೇ ವಸ್ತುವನ್ನು ತೆಗೆದುಕೊಡುತ್ತಾನೆ. ವ್ಯಾಪಾರಕ್ಕೆ ಅಷ್ಟು ಸಾಕು. ಭಾಷೆಯ ಚರಿತ್ರೆಯನ್ನು ಅಭ್ಯಾಸ ಮಾಡುವವರಿಗೆ ಅಷ್ಟು ಸಾಲದು. ಒಂದೇ ವಸ್ತುವಿಗೆ ಇಷ್ಟು ಹೆಸರುಗಳು ಒಂದೇ ಚೌಕದಲ್ಲಿ ಹೇಗೆ ಕೂಡಿದವು, ಅವುಗಳಲ್ಲಿ ಯಾವುದು ಎಲ್ಲಿಂದ ಬಂದಿತು, ಯಾವುದು ಯಾವುದಕ್ಕೆ ನಂಟು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಶೀಲನೆಗೆ ಇನ್ನೊಂದು ಕಾರಣವೂ ಉಂಟು. ದಂಡು ಪ್ರದೇಶದ ಭಾಷಿಕ ಚರಿತ್ರೆಯನ್ನು ಕುರಿತ ಚರ್ಚೆಗಳಲ್ಲಿ ಪದಗಳನ್ನು 'ನಮ್ಮವು', 'ಅವರವು' ಎಂದು ಎರಡು ರಾಶಿ ಮಾಡುವ ಆತುರ ಆಗಾಗ ಕಾಣಿಸಿಕೊಳ್ಳುತ್ತದೆ. ಕಾವಲಿಯೊಂದು ಕಡೆ, ತವಾ ಇನ್ನೊಂದು ಕಡೆ. ಇಂಥ ವಿಂಗಡಣೆ ಪದದ ಹುಟ್ಟನ್ನು ತಿಳಿದು ಮಾಡಿದುದಾದರೆ ಅದಕ್ಕೆ ಬೆಲೆ. ಆಡುವವರ ಮತವನ್ನೋ ಮನೆಮಾತನ್ನೋ ನೋಡಿ ಮಾಡಿದುದಾದರೆ ಅದು ಶಾಸ್ತ್ರವಾಗುವುದಿಲ್ಲ.

ಸ್ಥಳದ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. ಬ್ರಿಟಿಷ್ ಸೇನೆ 1809ರಲ್ಲಿ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಸ್ಥಳಾಂತರಗೊಂಡು, ಹಳೆಯ ಪೇಟೆಯ ಈಶಾನ್ಯಕ್ಕೆ, ಹಲಸೂರಿನ ಆಸುಪಾಸಿನಲ್ಲಿ ದಂಡು ನೆಲೆಗೊಂಡಿತು. ಸೇನೆಯೊಂದಿಗೆ ಮದರಾಸು ಪ್ರಾಂತದ ತಮಿಳು, ತೆಲುಗು ಭಾಷಿಕರು, ದಖನಿ ಉರ್ದು ಮಾತನಾಡುವ ಮುಸಲ್ಮಾನರು, ಗುತ್ತಿಗೆದಾರರು, ಅಡುಗೆಯವರು, ಕುಶಲಕರ್ಮಿಗಳು ಬಂದು ನೆಲೆಸಿದರು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿ ದೊರೆತಾಗಲೂ ಈ ಭಾಗ ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು. 1947ರಲ್ಲಿ ಮಾತ್ರ ಮೈಸೂರಿಗೆ ಹಿಂದಿರುಗಿತು. 1949ರಲ್ಲಿ ನಗರ ಮತ್ತು ದಂಡು ಎರಡನ್ನೂ ಕೂಡಿಸಿ ನಗರಪಾಲಿಕೆ ರಚನೆಯಾಯಿತು. ಆಗ ಬ್ಲಾಕ್‌ಪಳ್ಳಿ ಎಂದು ಕರೆಯಲಾಗುತ್ತಿದ್ದ, ಇಂದಿನ ಶಿವಾಜಿನಗರದ ಮಧ್ಯದಲ್ಲಿ 1927ರಲ್ಲಿ ನಿರ್ಮಾಣಗೊಂಡ ಮಾರುಕಟ್ಟೆಗೆ ಅಂದಿನ ಮುನಿಸಿಪಲ್ ಕಮಿಷನರ್ ಟಿ. ಬಿ. ರಸೆಲ್ ಅವರ ಹೆಸರು ಬಂದಿತು. 1933ರಲ್ಲಿ ಇಸ್ಮಾಯಿಲ್ ಸೇಠ್ ಅವರು ಅದನ್ನು ಉದ್ಘಾಟಿಸಿದರು. 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಅನೇಕ ಮಳಿಗೆಗಳು ಸುಟ್ಟುಹೋದರೂ ವ್ಯಾಪಾರ ನಿಲ್ಲಲಿಲ್ಲ.

ಆದರೆ ಈ ಪ್ರದೇಶದ ಭಾಷೆಗಳ ಚರಿತ್ರೆ 1809ರಿಂದ ಆರಂಭವಾಗುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಉತ್ತರಕ್ಕಿರುವ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಸುಮಾರು ಎಂಟನೆಯ ಶತಮಾನದ ಕನ್ನಡ ಶಾಸನ. ದಕ್ಷಿಣಕ್ಕಿರುವ ದೊಮ್ಮಲೂರಿನ ಚೊಕ್ಕನಾಥ ದೇವಾಲಯದಲ್ಲಿ ದಂಡಿಗಿಂತ ಎಷ್ಟೋ ಶತಮಾನ ಹಿಂದಿನ ತಮಿಳು ಶಾಸನಗಳಿವೆ. ಪೇಟೆಯನ್ನು 1638ರಲ್ಲಿ ಬಿಜಾಪುರದ ಸೇನೆ ಗೆದ್ದುಕೊಂಡ ಮೇಲೆ ಷಹಜಿಯ ಆಡಳಿತದಲ್ಲಿ ಮರಾಠಿ ಮತ್ತು ದಖನಿ ಮಾತುಗಳು ಇಲ್ಲಿಗೆ ಬಂದವು. 1687ರಲ್ಲಿ ಮೊಗಲರು ಬಂದರು. ಹೀಗಾಗಿ ಯಾವ ಪದವನ್ನೇ ಆಗಲಿ ದಂಡಿನ ಜೊತೆ ಬಂದಿತೆಂದು ಹೇಳುವ ಮೊದಲು ಈ ಹಿಂದಿನ ದಾರಿಗಳನ್ನು ನೋಡಿಕೊಳ್ಳಬೇಕು.

ಮೊದಲಿಗೆ ಕಾವಲಿ. ಇದರ ಬಗ್ಗೆ ಜನರಲ್ಲಿ ಒಂದು ವಿವರಣೆ ಪ್ರಚಾರದಲ್ಲಿದೆ: ಕಾವಲಿ ಎಂದರೆ ಹಿಟ್ಟು ಒಲೆಗೆ ಬೀಳದಂತೆ, ಬೆಂಕಿ ತಾಗದಂತೆ ಕಾವಲು ಕಾಯುವುದು. ಕೇಳಲು ಸೊಗಸಾಗಿದೆ. ಕನ್ನಡದಲ್ಲಿ ಇದಕ್ಕೆ ಆಸ್ಪದ ಕೊಡುವ ಸಂಗತಿಯೂ ಇದೆ. ಬಿಸಿಯಾಗು ಎಂಬ ಅರ್ಥದ ಧಾತುವೂ ರಕ್ಷಿಸು, ನಿರೀಕ್ಷಿಸು ಎಂಬ ಅರ್ಥದ ಧಾತುವೂ ಇಂದಿನ ಕನ್ನಡದಲ್ಲಿ 'ಕಾಯು' ಎಂಬ ಒಂದೇ ರೂಪಕ್ಕೆ ಬಂದು ನಿಂತಿವೆ. ನೀರನ್ನೂ ಕಾಯಿಸುತ್ತೇವೆ, ಬಾಗಿಲಲ್ಲಿ ನಿಂತ ನೆಂಟನನ್ನೂ ಕಾಯಿಸುತ್ತೇವೆ. ಹಾಲು ಕಾದಿದೆ, ಮಗ ತಾಯಿಗಾಗಿ ಕಾದಿದ್ದಾನೆ. ಎರಡೂ ಒಂದೇ ಕ್ರಿಯೆಯ ಎರಡು ಮುಖಗಳೆಂದು ಅನ್ನಿಸುವುದು ಸಹಜವೇ.

ಈ ತೊಡಕನ್ನು ಬಿಡಿಸಲು ತಮಿಳು ನೆರವಾಗುತ್ತದೆ. ಅಲ್ಲಿ ಬಿಸಿಯಾಗು, ಒಣಗು ಎಂಬ ಅರ್ಥದ ಧಾತು 'ಕಾಯ್'. ಅದರ ಭೂತಕಾಲದ ರೂಪ 'ಕಾಯ್ಂದ' ಎಂದಾಗುತ್ತದೆ. ರಕ್ಷಿಸು ಎಂಬ ಅರ್ಥದ ಧಾತು 'ಕಾ'. ಅದರ ಭೂತಕಾಲ 'ಕಾತ್ತ'. ಎರಡು ಧಾತುಗಳ ರೂಪಾವಳಿಗಳು ಅಲ್ಲಿ ಬೆರೆತಿಲ್ಲ. ಆದ್ದರಿಂದ ಮೂಲದಲ್ಲಿ ಇವು ಬೇರೆ ಬೇರೆ ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಕನ್ನಡದಲ್ಲಿ ಧ್ವನಿಗಳು ಸವೆದು ಒಂದಾಗಿ ಕೇಳಿಸುತ್ತಿವೆ ಅಷ್ಟೆ. ಕಾವಲು, ಕಾವಲುಗಾರ, ಹುಲ್ಲುಗಾವಲು, ನಗರದ ಉತ್ತರಕ್ಕಿರುವ ಕಾವಲ್ ಭೈರಸಂದ್ರದ ಹೆಸರಿನ ಮೊದಲ ಭಾಗ, ಇವು 'ಕಾ' ಧಾತುವಿನ ಮಕ್ಕಳು. ಕಾವು, ಕಾಯಿಸು ಇವು 'ಕಾಯ್' ಧಾತುವಿನವು. ಹಿಟ್ಟನ್ನು ಬೇಯಿಸಲು ಕಾಯಿಸಿಡುವ ವಸ್ತು ಎಂಬ ಅರ್ಥದ ಕಾವಲಿ ಈ ಎರಡನೆಯ ಗುಂಪಿಗೆ ಸೇರಬೇಕಾದ ಪದ. ಕೋಳಿ ಕಾವಿಗೆ ಕೂರುವುದು ಎಂಬ ಮಾತಿನಲ್ಲಿರುವ ಕಾವೂ ಇದೇ ಬಿಸಿಯೇ. ಅಲ್ಲಿ ಕೂಡ ಮೊಟ್ಟೆಯ ರಕ್ಷಣೆಯ ಅರ್ಥವನ್ನು ಜನ ಸೇರಿಸಿಕೊಂಡಿರುವುದು ಕುತೂಹಲಕರ.

ಹೆಂಚಿನ ಕಥೆ ಇದಕ್ಕಿಂತ ಹಳೆಯದು, ಇದಕ್ಕಿಂತ ಶ್ರೀಮಂತವಾದುದು. ಬಯಲುಸೀಮೆಯ ಉತ್ತರದಲ್ಲಿ ಹಂಚು, ಹಳೆಯ ಮೈಸೂರಿನ ಕಡೆ ಹೆಂಚು ಎಂದು ಎರಡು ರೂಪಗಳು ಬಳಕೆಯಲ್ಲಿವೆ. ಪದದ ಮೊದಲಿನ ಹಕಾರ ಹಳಗನ್ನಡದ ಪಕಾರ. ಪಾಲು ಹಾಲಾದಂತೆ, ಪಣ್ ಹಣ್ಣಾದಂತೆ ಪಂಚು ಹಂಚಾಯಿತು. ಈ ವ್ಯತ್ಯಾಸ ಶಾಸನಗಳಲ್ಲಿ ಸುಮಾರು ಹತ್ತನೆಯ ಶತಮಾನದಿಂದ ತಲೆದೋರಿ ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ನೆಲೆಗೊಂಡಿತು. ತೆಲುಗು ಪಕಾರವನ್ನು ಕಳೆದುಕೊಳ್ಳಲಿಲ್ಲ. ಅಲ್ಲಿ ಇಂದಿಗೂ ಪೆಂಕು ಎಂದರೆ ಮಡಕೆಯ ಚೂರು, ಮನೆಯ ಮೇಲಿನ ಹೆಂಚು. ಹೀಗಾಗಿ ನಮ್ಮ ಹೆಂಚಿನ ಮೂಲಾರ್ಥ ಒಡೆದ ಮಡಕೆಯ ಚೂರು ಎಂಬುದು ತಿಳಿದುಬರುತ್ತದೆ. ಹಂಚಿಕೊಡು ಎಂಬ ಕ್ರಿಯೆಯ 'ಹಂಚು' ಬೇರೆಯ ಪದ. ಭಾಗ ಮಾಡು ಎಂಬ ಅರ್ಥದ ಧಾತುವಿನಿಂದ ಬಂದದ್ದು.

ಮಡಕೆಯ ಚೂರು ಅಡುಗೆಯ ಸಲಕರಣೆಯಾದದ್ದು ಹೇಗೆ? ಇದಕ್ಕೆ ಉತ್ತರ ಒಲೆಯ ಬಳಿಯಲ್ಲಿಯೇ ಇದೆ. ಅಗಲವಾದ ಮಡಕೆ ಒಡೆದಾಗ ಅದರ ತಳದ ದೊಡ್ಡ ತುಂಡು ತುಸು ಬಾಗಿದ ಬಿಲ್ಲೆಯಾಗಿ ಉಳಿಯುತ್ತದೆ. ಅದು ಆಗಲೇ ಬೆಂಕಿಯಲ್ಲಿ ಸುಟ್ಟು ಗಟ್ಟಿಯಾದದ್ದು, ಎಣ್ಣೆ ಜಿಡ್ಡು ಕುಡಿದು ಪಳಗಿದ್ದು. ಮೂರು ಕಲ್ಲಿನ ಮೇಲಿಟ್ಟರೆ ಕಾಳು ಹುರಿಯಲು, ರೊಟ್ಟಿ ಬೇಯಿಸಲು ಸಾಕು. ನೀರು ಹಿಡಿಯಲಾರದ ಮಡಕೆ ಹಿಟ್ಟು ಬೇಯಿಸಬಲ್ಲದು. ಮುಂದೆ ಕುಂಬಾರರು ಆ ಆಕಾರವನ್ನೇ ಬೇಕೆಂದು ಮಾಡಿ ಸುಟ್ಟು ಮಾರಿದಾಗಲೂ ಹಳೆಯ ಹೆಸರೇ ಉಳಿಯಿತು.

ಇದು ಕನ್ನಡಕ್ಕೆ ಸೀಮಿತವಾದ ಕಲ್ಪನೆಯಲ್ಲ. ತಮಿಳು, ಮಲಯಾಳ, ತುಳುಗಳಲ್ಲಿ ಕಾಣುವ 'ಓಡು' ಎಂಬ ಪದಕ್ಕೂ ಮಡಕೆಯ ಚೂರು, ಹೆಂಚು ಎಂಬ ಅರ್ಥಗಳೇ ಇವೆ. ಕರಾವಳಿಯಲ್ಲಿ ಮಣ್ಣಿನ ಓಡಿನಲ್ಲಿ ಹುಯ್ದ ದೋಸೆಗೆ ಓಡುದೋಸೆ ಎಂಬ ಹೆಸರುಂಟು. ಸಂಸ್ಕೃತದ 'ಕಪಾಲ' ಶಬ್ದವೂ ಇದೇ ದಾರಿಯಲ್ಲಿ ನಡೆದಿದೆ. ವೈದಿಕ ಯಾಗಗಳಲ್ಲಿ ಪುರೋಡಾಶವೆಂಬ ಹಿಟ್ಟಿನ ಬಿಲ್ಲೆಯನ್ನು ಬೇಯಿಸುತ್ತಿದ್ದುದು ಕಪಾಲಗಳೆಂಬ ಮಣ್ಣಿನ ಚೂರುಗಳನ್ನು ಜೋಡಿಸಿ ಅವುಗಳ ಮೇಲೆ. ದೇವತೆಗೆ ತಕ್ಕಂತೆ ಎಂಟು, ಹನ್ನೊಂದು, ಹನ್ನೆರಡು ಎಂದು ಕಪಾಲಗಳ ಸಂಖ್ಯೆ ಗೊತ್ತುಮಾಡಲಾಗಿತ್ತು. ಕಪಾಲಕ್ಕೂ ಓಡಿಗೂ ತಲೆಬುರುಡೆ ಎಂಬ ಅರ್ಥ ಸೇರಿಕೊಂಡಿರುವುದು ಗಮನಾರ್ಹ. ಬಡವರ ಒಲೆಯಲ್ಲಿಯೂ ಯಾಗಶಾಲೆಯಲ್ಲಿಯೂ ಹಿಟ್ಟು ಬೆಂದದ್ದು ಒಡಕು ಮಡಕೆಯ ಮೇಲೆಯೇ.

ಇಷ್ಟು ಹಳೆಯ ಪದಕ್ಕೆ ಇಂದು ಮೊದಲು ಹೊಳೆಯುವ ಅರ್ಥ ಮನೆಯ ಮಾಡಿನ ಹೆಂಚು. ಮಾಡಿಗೆ ಹೊದಿಸುವ ನಾಡಹೆಂಚು ಹಿಂದೆಯೂ ಇತ್ತಾದರೂ ಈ ಅರ್ಥ ಇಷ್ಟು ಬಲಗೊಂಡದ್ದು ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ. ಮಂಗಳೂರು ಹೆಂಚು ದಂಡಿನ ಬಂಗಲೆಗಳ ಮೇಲೂ ಏರಿತು. ಹೆಂಚಿನ ಮನೆ, ಹೆಂಚಿನ ಕಾರ್ಖಾನೆ ಎಂಬ ಮಾತುಗಳ ನಡುವೆ ಅಡುಗೆಯ ಹೆಂಚು ತನ್ನನ್ನು ಗುರುತಿಸಿಕೊಳ್ಳಲು ಒಂದು ವಿಶೇಷಣವನ್ನು ಹೊರಬೇಕಾಯಿತು: ರೊಟ್ಟಿ ಹೆಂಚು, ದೋಸೆ ಹೆಂಚು. ವಸ್ತು ಮಣ್ಣಿನಿಂದ ಕಬ್ಬಿಣಕ್ಕೆ ಬದಲಾದರೂ ಹೆಸರು ಮಣ್ಣಿನದಾಗಿಯೇ ಉಳಿದಿರುವುದು ವಿಚಿತ್ರವಾಗಿ ಕಾಣಬಹುದು. ಆದರೆ ತಮಿಳಿನ ದೋಸೆಕಲ್ಲು ಎಂಬ ಹೆಸರಿನಲ್ಲಿಯೂ ಹೀಗೆಯೇ ಆಗಿದೆ. ಎರಕದ ಕಬ್ಬಿಣದ ಬಿಲ್ಲೆಯನ್ನು ಇಂದಿಗೂ ಕಲ್ಲು ಎಂದೇ ಕರೆಯುತ್ತಾರೆ. ಬಳಪದ ಕಲ್ಲಿನಲ್ಲಿ ಕಡೆದ ಪಾತ್ರೆಗಳ ಬಳಕೆ ದಕ್ಷಿಣದಲ್ಲಿ ವ್ಯಾಪಕವಾಗಿತ್ತು; ನಮ್ಮ ಕಲ್ಮರಿಗೆ ಆ ವರ್ಗದ್ದೇ. ದಂಡಿನ ಸುತ್ತಣ ಕನ್ನಡದ ಮನೆಗಳಲ್ಲಿ ದೋಸೆ ಕಲ್ಲು ಎಂಬ ಮಾತು ಸಲೀಸಾಗಿ ನೆಲೆಸಿದ್ದಕ್ಕೆ ಎರಡೂ ಭಾಷೆಗಳಲ್ಲಿ ಕಲ್ಲು ಕಲ್ಲೇ ಆಗಿರುವುದು ಕಾರಣ. ಅದನ್ನು ಎರವಲು ಎನ್ನುವುದೂ ಕಷ್ಟ, ಅಲ್ಲ ಎನ್ನುವುದೂ ಕಷ್ಟ.

ಹೀಗೆ ಹೆಂಚು ಮತ್ತು ಕಲ್ಲುಗಳು ಮಾಡಿದ ದ್ರವ್ಯದಿಂದ ಬಂದ ಹೆಸರುಗಳು, ಕಾವಲಿ ಮಾಡುವ ಕೆಲಸದಿಂದ ಬಂದ ಹೆಸರು. ಸಂಸ್ಕೃತ ಕೋಶಕಾರರೂ ಕೆಲಸದಿಂದಲೇ ಹೆಸರಿಟ್ಟರು. ಅಮರಕೋಶದ ವೈಶ್ಯವರ್ಗದಲ್ಲಿ ಈ ಸಲಕರಣೆಗೆ ಋಜೀಷ ಎಂಬುದರ ಜೊತೆಗೆ ಪಿಷ್ಟಪಚನ, ಅಂದರೆ ಹಿಟ್ಟನ್ನು ಬೇಯಿಸುವುದು, ಎಂಬ ಹೆಸರೂ ಇದೆ. ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆರಂಭದಲ್ಲಿ ರಚಿಸಿದ ಸೂಪಶಾಸ್ತ್ರದ ಮೊದಲ ಭಾಗ ಪಿಷ್ಟಪಾಕ; ರೊಟ್ಟಿಗಳ ಹಲವು ಬಗೆಗಳು ಅಲ್ಲಿ ಬರುತ್ತವೆ. ಅದಕ್ಕೂ ಮೊದಲು ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ಅಡುಗೆಗೆ ಒಂದು ಅಧ್ಯಾಯ ಮೀಸಲಾಗಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ದೋಸೆಯನ್ನು ಧೋಸಕ ಎಂಬ ರೂಪದಲ್ಲಿ ಹೆಸರಿಸುತ್ತದೆ. ಗ್ರಂಥಗಳು ಖಾದ್ಯವನ್ನು ವರ್ಣಿಸಿದಷ್ಟು ಉತ್ಸಾಹದಿಂದ ಸಲಕರಣೆಯನ್ನು ವರ್ಣಿಸುವುದಿಲ್ಲ. ಅಡುಗೆಮನೆಯ ಮಾತು ಹೆಂಗಸರ ಬಾಯಲ್ಲಿ, ಬಾಣಸಿಗರ ಬಾಯಲ್ಲಿ ಉಳಿದು ಬಂದುದು. ಗ್ರಂಥದಲ್ಲಿ ಮೊದಲು ಕಾಣಿಸಿದ ವರ್ಷವನ್ನು ಪದ ಹುಟ್ಟಿದ ವರ್ಷವೆಂದು ತಿಳಿಯುವ ರೂಢಿಯನ್ನು ಇಂಥ ಪದಗಳ ವಿಷಯದಲ್ಲಾದರೂ ಬಿಡಬೇಕು.

ಇನ್ನು ತವಾ. ಇದು ಪಾರಸಿ ಪದವೆಂದೂ ಮುಸಲ್ಮಾನರ ಮೂಲಕ ಬಂದಿತೆಂದೂ ಸಾಮಾನ್ಯವಾಗಿ ಹೇಳಲಾಗುತ್ತದೆ. ಪಾರಸಿಯಲ್ಲಿ ಹುರಿಯುವ ಬಾಣಲೆಗೆ ತಾಬಾ, ತಾವಾ ಎಂಬ ರೂಪಗಳಿವೆ. ಇರಾನಿನಲ್ಲಿ ಇಂದಿಗೂ ಅದಕ್ಕೆ ಮಾಹಿತಾಬೆ, ಅಂದರೆ ಮೀನಿನ ತಾಬೆ, ಎಂದು ಹೆಸರು. ತುರ್ಕಿಯಲ್ಲಿ ತವಾ, ತುರ್ಕರ ಆಡಳಿತ ವ್ಯಾಪಿಸಿದ ಬಾಲ್ಕನ್ ನಾಡುಗಳ ಭಾಷೆಗಳಲ್ಲಿಯೂ ಅದೇ ಪದ. ಇಷ್ಟು ದೂರ ಹಬ್ಬಿದ ಪದ ದಖ್ಖನಿಗೂ ಬಂದಿತೆಂದರೆ ಆಶ್ಚರ್ಯವಿಲ್ಲ.

ಆದರೆ ಧ್ವನಿಯ ದೃಷ್ಟಿಯಿಂದ ಒಂದು ಸಂಗತಿಯನ್ನು ನೋಡಬೇಕು. ಪಾರಸಿ ಪದದ ಮೊದಲ ಸ್ವರ ದೀರ್ಘ. ಹಿಂದಿ, ಉರ್ದು, ಮರಾಠಿಗಳ ತವಾದಲ್ಲಿ ಅದು ಹ್ರಸ್ವ. ಎರವಲಾಗಿ ಬಂದ ಪದದಲ್ಲಿ ದೀರ್ಘ ಹ್ರಸ್ವವಾಗಬಾರದೆಂದೇನೂ ಇಲ್ಲ. ಆದರೆ ಈ ಹ್ರಸ್ವಕ್ಕೆ ಇಲ್ಲಿಯದೇ ಆದ ನೇರ ದಾರಿಯೊಂದಿದೆ. ಸಂಸ್ಕೃತದ ತಪ್ ಧಾತುವಿನಿಂದಾದ ಪದಗಳ ಪಕಾರ ಸ್ವರಗಳ ನಡುವೆ ಪ್ರಾಕೃತದಲ್ಲಿ ವಕಾರವಾಗುತ್ತದೆ; ತಪಸ್ಸು ಅಲ್ಲಿ ತವ. ಕನ್ನಡಕ್ಕೆ ಈ ನಿಯಮ ಹೊಸತಲ್ಲ: ದೀಪಿಕೆ ದೀವಿಗೆಯಾದದ್ದು ಇದರಿಂದಲೇ. ಘೋಟಕದಿಂದ ಹಿಂದಿಯ ಘೋಡಾ ಬಂದಂತೆ, ತಪಕದಂಥ ಒಂದು ರೂಪದಿಂದ ತವಾ ಬರುವುದು ಉತ್ತರದ ಭಾಷೆಗಳಲ್ಲಿ ನಿಯಮಬದ್ಧವಾದ ಬೆಳವಣಿಗೆ. ಪಾರಸಿಯ ತಾಬಾ ಕೂಡ ಬಿಸಿಯಾಗು, ಹೊಳೆ ಎಂಬ ಅರ್ಥದ, ತಪ್ ಧಾತುವಿನ ಒಡಹುಟ್ಟಿನಿಂದ ಬಂದದ್ದು. ಇರಾನಿನ ಮತ್ತು ಭಾರತದ ಆರ್ಯಭಾಷೆಗಳು ಬೇರೆಯಾಗುವ ಮೊದಲಿನ ಒಂದೇ ಬೇರು ಅದು. ಹೀಗಾಗಿ ತವಾ ಪಾರಸಿಯೋ ದೇಶೀಯವೋ ಎಂಬ ವಾದ ಅಣ್ಣತಮ್ಮಂದಿರ ನಡುವಿನ ವ್ಯಾಜ್ಯದಂತಿದೆ. ನನ್ನ ಅಭಿಪ್ರಾಯದಲ್ಲಿ ಪದ ಇಲ್ಲಿಯದು. ಸುಲ್ತಾನರ ಕಾಲದ ಪಾರಸಿ ಬಳಕೆ ಅದಕ್ಕೆ ಬಲ ಕೊಟ್ಟಿತು.

ಕನ್ನಡಕ್ಕೆ ಅದು ಯಾವ ಹಂತದಲ್ಲಿ ಬಂದಿತೆಂಬುದಕ್ಕೂ ರೂಪವೇ ಸಾಕ್ಷಿ. ಹಳೆಯ ಕಾಲದಲ್ಲಿ ಪ್ರಾಕೃತದಿಂದ ನೇರವಾಗಿ ಬಂದಿದ್ದರೆ ದೀವಿಗೆಯಂತೆ ಕನ್ನಡದ ಪ್ರತ್ಯಯ ಹೊತ್ತು ಬರಬೇಕಾಗಿತ್ತು. ಕೊನೆಯ ದೀರ್ಘ ಆಕಾರದೊಂದಿಗೆ ಬಂದಿರುವುದರಿಂದ ಅದು ಈಚಿನ ಎರವಲು, ದಖನಿ ಅಥವಾ ಮರಾಠಿಯ ಮೂಲಕ ಬಂದದ್ದು. ಮರಾಠಿಯ ನೆರೆಯಲ್ಲಿರುವ ಉತ್ತರ ಕರ್ನಾಟಕಕ್ಕೆ ಅದು ದಂಡಿನ ಹಂಗಿಲ್ಲದೆ ಬರಬಹುದಾಗಿತ್ತು. ಬೆಂಗಳೂರಿಗೂ ಷಹಜಿಯ ಕಾಲದಿಂದ ಆ ದಾರಿ ತೆರೆದಿತ್ತು. ದಂಡು ಮಾಡಿದ್ದು ಅದನ್ನು ತಂದದ್ದಲ್ಲ, ಬೀದಿಯ ಮಾತಾಗಿ ಹರಡಿದ್ದು.

ಇಲ್ಲಿ ಒಂದು ಸಾಮ್ಯವನ್ನು ಗಮನಿಸದೆ ಇರಲಾಗದು. ತವಾ ಎಂದರೆ ತಪಿಸುವುದು, ಕಾವಲಿ ಎಂದರೆ ಕಾಯುವುದು. ಒಂದಕ್ಕೊಂದು ನಂಟಿಲ್ಲದ ಎರಡು ಭಾಷಾಕುಟುಂಬಗಳು ಒಂದೇ ವಸ್ತುವನ್ನು ನೋಡಿ ಅದರ ಆಕಾರವನ್ನು ಬಿಟ್ಟು, ದ್ರವ್ಯವನ್ನು ಬಿಟ್ಟು, ಬಿಸಿಯನ್ನೇ ಹೆಸರಾಗಿ ಆರಿಸಿಕೊಂಡಿವೆ. ಒಂದು ಇನ್ನೊಂದರ ಅನುವಾದವೆಂದು ಹೇಳಬೇಕಾಗಿಲ್ಲ; ವಸ್ತುವೇ ಆ ಹೆಸರನ್ನು ಕೇಳುತ್ತದೆ. ಶಿವಾಜಿನಗರದಲ್ಲಿ ರಮಜಾನಿನ ಸಂಜೆ ಬೀದಿಗಿಡುವ ದೊಡ್ಡ ತವಾಗಳನ್ನು ನೋಡಿದರೆ ಇದು ತಿಳಿಯುತ್ತದೆ. ಕೆಲವು ಅಂಚಿಲ್ಲದ ಚಪ್ಪಟೆ, ಕೆಲವು ನಡುವೆ ತಗ್ಗಿದವು, ರುಮಾಲಿ ರೊಟ್ಟಿಗೆಂದು ಬೋರಲು ಹಾಕಿದ ಬಾಣಲೆಯಂಥದು ಉಲ್ಟಾ ತವಾ. ಆಕಾರ ಒಂದೇ ಅಲ್ಲ, ಹೆಸರು ಒಂದೇ.

ಬಾಣಲೆಯ ಮಾತು ಬಂದುದರಿಂದ ಅದರ ಬಗ್ಗೆ ಒಂದೆರಡು ಮಾತು. ಅದೇ ಅಂಗಡಿಯಲ್ಲಿ ತಮಿಳರು ಕೇಳುವ ವಾಣಲಿಯೂ ಕನ್ನಡಿಗರು ಕೇಳುವ ಬಾಣಲೆಯೂ ಒಂದೇ ಪದ. ತಮಿಳಿನ ವಾಯ್ ಕನ್ನಡದಲ್ಲಿ ಬಾಯಿ, ವಿಲ್ ಬಿಲ್ಲು, ವೇರ್ ಬೇರು; ಅದೇ ನಿಯಮದಂತೆ ವಾಣಲಿ ಬಾಣಲೆ. ದಖನಿಯ ಕಡಾಯಿಯಾದರೋ ಸಂಸ್ಕೃತದ ಕಟಾಹ ಪ್ರಾಕೃತದಲ್ಲಿ ಕಡಾಹವಾಗಿ ಬಂದುದು. ಕಾವಲಿಯ ವಿಷಯದಲ್ಲಿ ತಮಿಳು ಕನ್ನಡಗಳು ಬೇರೆಯಾದವು, ಬಾಣಲೆಯ ವಿಷಯದಲ್ಲಿ ಒಂದಾಗಿಯೇ ಉಳಿದವು. ಒಂದೇ ಒಲೆಯ ಮೇಲಿನ ಎರಡು ಪಾತ್ರೆಗಳ ಹೆಸರುಗಳಿಗೆ ಎರಡು ಚರಿತ್ರೆಗಳು.

ಈಚಿನ ದಶಕಗಳಲ್ಲಿ ಈ ಹೆಸರುಗಳ ನಡುವೆ ಹೊಸ ವಿಂಗಡಣೆ ನಡೆದಿದೆ. 1938ರಲ್ಲಿ ಕಂಡುಹಿಡಿಯಲಾದ ಟೆಫ್ಲಾನಿನ ಲೇಪವಿರುವ ಪಾತ್ರೆಗಳು ನಮ್ಮ ಅಂಗಡಿಗಳಿಗೆ ಬಂದಾಗ ಡಬ್ಬದ ಮೇಲೆ ಮುದ್ರಿತವಾಗಿದ್ದ ಹೆಸರು ತವಾ. ದೇಶದಾದ್ಯಂತ ಮಾರುವ ವಸ್ತುವಿಗೆ ಒಂದೇ ಹೆಸರು ಬೇಕಾಗಿತ್ತು, ಉತ್ತರದ ಹೆಸರು ಗೆದ್ದಿತು. ಖಾನಾವಳಿಯ ಫಲಕಗಳಲ್ಲಿಯೂ ತವಾ ಫ್ರೈ ಕಾಣುತ್ತದೆ, ಕಾವಲಿ ಫ್ರೈ ಕಾಣುವುದಿಲ್ಲ. ಇದರಿಂದ ಕಾವಲಿ ಅಳಿಯಿತೆಂದು ಹೇಳಲಾಗದು. ಅದು ಕಬ್ಬಿಣದ ಹಳೆಯ ಬಿಲ್ಲೆಗೆ ಮೀಸಲಾಗುತ್ತಿದೆ. ಪಳಗಿದ ಕಾವಲಿ ಎನ್ನುತ್ತೇವೆ; ಲೇಪವಿರುವ ತವಾಕ್ಕೆ ಪಳಗುವ ಪ್ರಮೇಯವೇ ಇಲ್ಲ. ಕಬ್ಬಿಣಕ್ಕೆ ಎಣ್ಣೆ ಸವರಿ ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಗಟ್ಟಿಯಾದ ತೆಳು ಪದರವಾಗಿ ಕಬ್ಬಿಣವನ್ನು ಹಿಡಿಯುತ್ತದೆ. ಆಮೇಲೆ ದೋಸೆ ಅಂಟುವುದಿಲ್ಲ. ಹೋಳುಮಾಡಿದ ಈರುಳ್ಳಿಯಿಂದ ಉಜ್ಜುವುದು, ಸೋಪು ಹಾಕಿ ತಿಕ್ಕದಿರುವುದು, ಇನ್ನೊಂದು ಮನೆಗೆ ಎರವಲು ಕೊಡಲು ಹಿಂಜರಿಯುವುದು ಇವೆಲ್ಲ ಆ ಪದರವನ್ನು ಉಳಿಸಿಕೊಳ್ಳುವ ಕ್ರಮಗಳು. ಹಾಗೆ ನೋಡಿದರೆ ಕಾವಲಿಯನ್ನು ಕಾವಲು ಕಾಯುವವಳು ಗೃಹಿಣಿಯೇ.

ಗಾದೆಗಳಲ್ಲಿ ಈ ಹೆಸರುಗಳು ಹಂಚಿಹೋಗಿರುವ ರೀತಿಯೂ ಅರ್ಥಪೂರ್ಣವಾಗಿದೆ. ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದಂತೆ ಎನ್ನುವಾಗ ಹೆಂಚೇ ಬೇಕು. ಮಣ್ಣು ನೀರನ್ನು ಕುಡಿಯುತ್ತದೆ, ಚುರ್ ಎಂದ ಹನಿ ಮರುಕ್ಷಣ ಇಲ್ಲ. ಎಲ್ಲರ ಮನೆಯ ದೋಸೆಯೂ ತೂತು ಎಂದು ಸಮಾಧಾನ ಹೇಳುವವರಿಗೆ, ನಮ್ಮ ಮನೆಯಲ್ಲಿ ಕಾವಲಿಯೇ ತೂತು ಎಂಬ ಉತ್ತರ ಸಿದ್ಧವಿದೆ. ಅಲ್ಲಿ ಹೆಂಚು ಸಲ್ಲದು. ತೂತಾದ ಹೆಂಚನ್ನು ಎಸೆದು ಇನ್ನೊಂದು ಚೂರನ್ನು ತರಬಹುದು; ಕಬ್ಬಿಣದ ಕಾವಲಿ ಹಣ ಕೊಟ್ಟು ಕೊಂಡದ್ದು, ತಲೆಮಾರು ಬಾಳಬೇಕಾದದ್ದು. ತವಾಕ್ಕೆ ಈ ಎರಡು ಗಾದೆಗಳಲ್ಲಿಯೂ ಸ್ಥಳವಿಲ್ಲ, ಆದರೆ ಕಬ್ಬಿಣದ ಅಂಗಡಿಯ ಮುಂದೆ ಕನ್ನಡದ ಗಿರಾಕಿಯೂ ಒಮ್ಮೊಮ್ಮೆ ಅದನ್ನು ಆ ಹೆಸರಿನಿಂದಲೇ ಕೇಳಿ, ಮನೆಗೆ ಒಯ್ದು, ಒಲೆಯ ಮೇಲಿಟ್ಟ ಮೇಲೆ ಕಾವಲಿ ಕಾಯಿತೇ ಎನ್ನುತ್ತಾನೆ.